ಸುಂಕದ ಕಟ್ಟೆಯಲ್ಲಿ ಸಮುರಾಯ್ ಕತ್ತಿ

ಜಪಾನಿನಿಂದ ಹೊರದೇಶದ ಸಂಗ್ರಾಹಕರ ಕೈಗೆ ಹೊರಡುವ ಹಳೆಯ ಕತ್ತಿ ದಾರಿಯಲ್ಲಿ ಎರಡು ಸುಂಕದ ಕಟ್ಟೆಗಳನ್ನು ದಾಟಬೇಕು. ಎರಡರಲ್ಲೂ ಕೇಳುವ ಪ್ರಶ್ನೆ ಬೇರೆ. ಇದು ನಾಡು ಬಿಟ್ಟು ಹೋಗಬಹುದಾದ ವಸ್ತುವೇ ಎಂದು ಜಪಾನಿನ ಕಸ್ಟಮ್ಸ್ ಕೇಳುತ್ತದೆ. ಇದು ಆಯುಧವೋ, ಪ್ರಾಚೀನ ಕಲಾವಸ್ತುವೋ, ಒಳಗೆ ಬಿಡಬಹುದೇ, ಬಿಟ್ಟರೆ ಸುಂಕವೆಷ್ಟು ಎಂದು ತಲುಪುವ ದೇಶದ ಕಸ್ಟಮ್ಸ್ ಕೇಳುತ್ತದೆ. ಉತ್ತರ ಹೇಳಬೇಕಾದದ್ದು ಕತ್ತಿಯ ಜೊತೆಗಿರುವ ಕಾಗದಪತ್ರಗಳು. ಕಾಗದದಲ್ಲಿ ಬರೆದದ್ದೂ ಉಕ್ಕಿನಲ್ಲಿ ಕೆತ್ತಿದ್ದೂ ಒಂದಕ್ಕೊಂದು ತಾಳೆಯಾದರೆ ತಪಾಸಣೆ ಸಲೀಸಾಗಿ ಮುಗಿಯುತ್ತದೆ. ತಾಳೆಯಾಗದಿದ್ದರೆ ಐನೂರು ವರ್ಷ ಬಾಳಿದ ಅಲಗು ಕೂಡ ಮುಟ್ಟುಗೋಲಾಗಬಹುದು.

ಜಪಾನಿನಲ್ಲಿ ಹಳೆಯ ಕತ್ತಿ ಇಟ್ಟುಕೊಳ್ಳಲು ಮಾಲೀಕ ಪರವಾನಗಿ ಪಡೆಯಬೇಕಿಲ್ಲ. ನೋಂದಣಿ ಇರಬೇಕಾದದ್ದು ಕತ್ತಿಗೆ. 1958ರ ಬಂದೂಕು ಮತ್ತು ಕತ್ತಿ ನಿಯಂತ್ರಣ ಕಾಯ್ದೆಯ ಪ್ರಕಾರ 15 ಸೆಂಟಿಮೀಟರ್ ಅಥವಾ ಅದಕ್ಕಿಂತ ಉದ್ದದ ಅಲಗಿರುವ ಪ್ರತಿ ಕತ್ತಿಗೂ ನೋಂದಣಿ ಪತ್ರವೊಂದು ಇರಲೇಬೇಕು. ಅದನ್ನು ಕೊಡುವುದು ಪೊಲೀಸರಲ್ಲ, ಆಯಾ ಪ್ರಾಂತದ ಶಿಕ್ಷಣ ಮಂಡಳಿ. ಕತ್ತಿಯನ್ನು ಕಲಾವಸ್ತುವೆಂದು ಪರಿಗಣಿಸಿದ್ದರಿಂದ ಬಂದ ಏರ್ಪಾಡು ಇದು. ಅಂಗೈಯಗಲದ ಆ ಪತ್ರದಲ್ಲಿ ಕತ್ತಿಯ ಬಗೆ, ಅಲಗಿನ ಉದ್ದ, ಅದರ ಬಾಗು, ಬುಡದಲ್ಲಿರುವ ತೂತುಗಳ ಸಂಖ್ಯೆ, ಕಮ್ಮಾರನ ಹೆಸರು ಕೆತ್ತಿದ್ದರೆ ಆ ಬರಹ ಇಷ್ಟೂ ನಮೂದಾಗಿರುತ್ತವೆ. ಫೋಟೋ ಇರುವುದಿಲ್ಲ. ಕತ್ತಿ ಕೈಬದಲಾದರೆ ಹೊಸ ಮಾಲೀಕ 20 ದಿನದೊಳಗೆ ಮಂಡಳಿಗೆ ತಿಳಿಸಬೇಕು. ಪತ್ರ ಮಾತ್ರ ಕತ್ತಿಯೊಂದಿಗೇ ಸಾಗುತ್ತದೆ.

ಈ ಪತ್ರದ ಹಿಂದೆ ದೊಡ್ಡದೊಂದು ನಷ್ಟದ ಕತೆಯಿದೆ. ಸಮುರಾಯ್‌ಗಳು ಸೊಂಟದಲ್ಲಿ ಕತ್ತಿ ಸಿಕ್ಕಿಸಿಕೊಂಡು ಬೀದಿಯಲ್ಲಿ ಓಡಾಡುವುದನ್ನು ಮೇಜಿ ಚಕ್ರವರ್ತಿಯ ಕಾಲದ ಸರ್ಕಾರ 1876ರಲ್ಲೇ ನಿಷೇಧಿಸಿತ್ತು. ಆದರೂ ಮನೆಮನೆಯಲ್ಲಿ ಕತ್ತಿಗಳು ಉಳಿದಿದ್ದವು. 1945ರಲ್ಲಿ ಜಪಾನ್ ಶರಣಾದಾಗ ಅಮೆರಿಕದ ಸೇನಾಡಳಿತ ಎಲ್ಲ ಆಯುಧಗಳನ್ನೂ ಒಪ್ಪಿಸಲು ಆಜ್ಞೆ ಹೊರಡಿಸಿತು. ಕಾರ್ಖಾನೆಯಲ್ಲಿ ತಯಾರಾದ ಸೇನಾ ಕತ್ತಿಗಳ ರಾಶಿಯೊಳಗೆ ಮನೆತನಗಳು ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿದ್ದ ಕತ್ತಿಗಳೂ ಸೇರಿಹೋದವು. ಕೆಲವು ಕರಗಿದವು, ಕೆಲವು ಕಡಲಿಗೆ ಬಿದ್ದವು, ಲೆಕ್ಕವಿಲ್ಲದಷ್ಟು ಕತ್ತಿಗಳು ಸೈನಿಕರ ಚೀಲಗಳಲ್ಲಿ ನೆನಪಿನ ಕಾಣಿಕೆಯಾಗಿ ಅಮೆರಿಕ ಸೇರಿದವು. ಹಿಂದೆ ಜಪಾನನ್ನು ಆಳಿದ ತೊಕುಗಾವಾ ಮನೆತನದಲ್ಲಿದ್ದ ಹೊಂಜೊ ಮಸಮುನೆ ಎಂಬ ಕತ್ತಿ ಆಗಲೇ ರಾಷ್ಟ್ರೀಯ ನಿಧಿಯೆಂದು ಘೋಷಣೆಯಾಗಿತ್ತು. ಅದನ್ನು ಟೋಕಿಯೊದ ಮೆಜಿರೊ ಪೊಲೀಸ್ ಠಾಣೆಗೆ ಒಪ್ಪಿಸಲಾಯಿತು. ಆಮೇಲೆ ಅದು ಯಾರ ಕಣ್ಣಿಗೂ ಬಿದ್ದಿಲ್ಲ.

ಪೂರ್ತಿ ನಾಶ ತಪ್ಪಿದ್ದು ಜಪಾನಿನ ಕತ್ತಿ ತಜ್ಞ ಹೊಮ್ಮಾ ಜುಂಜಿ ಮತ್ತು ಅಮೆರಿಕದ ಸೇನಾಧಿಕಾರಿ ಕರ್ನಲ್ ಕ್ಯಾಡ್‌ವೆಲ್ ಅವರಂಥವರಿಂದ. ಕಲಾಮೌಲ್ಯವಿರುವ ಕತ್ತಿಗಳನ್ನು ಬೇರ್ಪಡಿಸಿ ಉಳಿಸಬೇಕೆಂದು ಅವರು ಸೇನಾಡಳಿತವನ್ನು ಒಪ್ಪಿಸಿದರು. ಟೋಕಿಯೊದ ಅಕಾಬಾನೆಯ ಸೇನಾ ಉಗ್ರಾಣದಲ್ಲಿ ಹೀಗೆ ಆರಿಸಿಟ್ಟ ಸುಮಾರು ಐದು ಸಾವಿರ ಕತ್ತಿಗಳು 1947ರಲ್ಲಿ ಟೋಕಿಯೊ ರಾಷ್ಟ್ರೀಯ ಸಂಗ್ರಹಾಲಯಕ್ಕೆ ಬಂದವು. ಮರುವರ್ಷ, 1948ರಲ್ಲಿ, ಜಪಾನಿ ಕಲಾಖಡ್ಗ ಸಂರಕ್ಷಣಾ ಸಂಘ ಹುಟ್ಟಿತು. 1958ರ ಕಾಯ್ದೆ ಬರುವ ಮೊದಲೇ, 1951ರ ಹೊತ್ತಿಗೆ, ದೇಶದಾದ್ಯಂತ ನೋಂದಣಿ ಶುರುವಾಗಿತ್ತು. ಪ್ರತಿಷ್ಠಿತ ಮನೆತನಗಳು ಮೊದಲ ಸಾಲಿನಲ್ಲೇ ಬಂದು ತಮ್ಮ ಕತ್ತಿಗಳನ್ನು ಬರೆಸಿದವು. ಆ ವರ್ಷದ ತಾರೀಕಿರುವ ನೋಂದಣಿ ಪತ್ರವನ್ನು ಸಂಗ್ರಾಹಕರು ಇಂದಿಗೂ ಹೆಚ್ಚು ಬೆಲೆಯದೆಂದು ಕಾಣುವುದಕ್ಕೆ ಕಾರಣ ಇದು.

ಹೊರಗೆ ಹೋದದ್ದೆಲ್ಲ ಕಳೆದೇ ಹೋಯಿತೆಂದೇನೂ ಅಲ್ಲ. ಕಾಗೊಶಿಮಾದ ತೆರುಕುನಿ ದೇಗುಲಕ್ಕೆ ಸೇರಿದ್ದ ಕುನಿಮುನೆ ಎಂಬ ಕಮ್ಮಾರನ ಕತ್ತಿ ಯುದ್ಧಾನಂತರ ಕಾಣೆಯಾಗಿತ್ತು. ಅಮೆರಿಕದ ಔಷಧೋದ್ಯಮಿ ವಾಲ್ಟರ್ ಕಾಂಪ್ಟನ್ ಹಳೆ ವಸ್ತುಗಳ ಅಂಗಡಿಯೊಂದರಲ್ಲಿ ಕೊಂಡ ಕತ್ತಿಯೇ ಅದೆಂದು ಮುಂದೆ ಗೊತ್ತಾಯಿತು. 1963ರಲ್ಲಿ ಅವರು ಒಂದು ಕಾಸನ್ನೂ ತೆಗೆದುಕೊಳ್ಳದೆ ಅದನ್ನು ದೇಗುಲಕ್ಕೆ ಮರಳಿಸಿದರು. ಸಂಗ್ರಾಹಕರೆಂದರೆ ಹೀಗಿರಬೇಕು.

ಇಂದು ಕತ್ತಿಯನ್ನು ನ್ಯಾಯವಾಗಿ ಜಪಾನಿನಿಂದ ಹೊರಗೆ ಕಳುಹಿಸಬೇಕಾದರೆ ಸಾಂಸ್ಕೃತಿಕ ವ್ಯವಹಾರಗಳ ಇಲಾಖೆಯಿಂದ ರಫ್ತು ಪ್ರಮಾಣಪತ್ರ ಪಡೆಯಬೇಕು. ನೋಂದಣಿ ಪತ್ರ ಮತ್ತು ಕತ್ತಿಯ ಫೋಟೋಗಳೊಂದಿಗೆ ಅರ್ಜಿ ಹೋಗುತ್ತದೆ. ಈ ಕತ್ತಿ ರಾಷ್ಟ್ರೀಯ ನಿಧಿಯಲ್ಲ, ಪ್ರಮುಖ ಸಾಂಸ್ಕೃತಿಕ ಆಸ್ತಿಯಲ್ಲ, 1933ರ ಕಾನೂನಿನಡಿ ಗುರುತಿಸಿದ ಪ್ರಮುಖ ಕಲಾವಸ್ತುವೂ ಅಲ್ಲ ಎಂದು ಇಲಾಖೆ ಖಚಿತಪಡಿಸಿ ಪತ್ರ ಕೊಡುತ್ತದೆ. ಇದಕ್ಕೆ ಕೆಲವು ವಾರಗಳು ಹಿಡಿಯುವುದು ಸಾಮಾನ್ಯ. ನಂಬಿಕಸ್ಥ ವ್ಯಾಪಾರಿಗಳು ಅಲ್ಲಿಯವರೆಗೆ ಕಾಯುತ್ತಾರೆ, ಕೊಳ್ಳುವವರಿಗೂ ಕಾಯಲು ಹೇಳುತ್ತಾರೆ. ಕತ್ತಿ ದೇಶ ಬಿಡುವಾಗ ಮೂಲ ನೋಂದಣಿ ಪತ್ರ ಜಪಾನಿನಲ್ಲೇ ಉಳಿಯುತ್ತದೆ, ಅದನ್ನು ಹಿಂದಿರುಗಿಸಲೇಬೇಕು. ಅದರ ನಕಲನ್ನೂ ರಫ್ತು ಪ್ರಮಾಣಪತ್ರದ ಪ್ರತಿಯನ್ನೂ ಕೊಂಡವರು ಜೋಪಾನವಾಗಿ ಇಟ್ಟುಕೊಳ್ಳಬೇಕು. ಮುಂದೆ ಆ ಕತ್ತಿ ನೇರ ದಾರಿಯಲ್ಲೇ ಬಂತು ಎನ್ನಲು ಬೇರೆ ಸಾಕ್ಷಿ ಸಿಗುವುದು ಕಷ್ಟ. ಅಲಗಿಲ್ಲದೆ ಬಿಡಿಯಾಗಿ ಮಾರುವ ಕೈತಡೆ ಬಿಲ್ಲೆ ಮತ್ತು ಹಿಡಿಯ ಅಲಂಕಾರದ ತುಣುಕುಗಳು ಕತ್ತಿಯ ನೋಂದಣಿಗೆ ಒಳಪಡುವುದಿಲ್ಲ.

ತಲುಪುವ ದೇಶದಲ್ಲಿ ಮೊದಲು ಏಳುವುದು ವರ್ಗೀಕರಣದ ಪ್ರಶ್ನೆ. ಜಗತ್ತಿನ ಬಹುತೇಕ ದೇಶಗಳು ಬಳಸುವ ಸಮಾನ ಸುಂಕಪಟ್ಟಿಯಲ್ಲಿ ಕತ್ತಿ, ಈಟಿ, ಬಯೊನೆಟ್‌ಗಳು ಮತ್ತು ಅವುಗಳ ಒರೆಗಳಿಗೆ 9307 ಎಂಬ ಶೀರ್ಷಿಕೆಯಿದೆ. ನೂರು ವರ್ಷ ಮೀರಿದ ಪ್ರಾಚೀನ ವಸ್ತುಗಳಿಗೆ 9706. ಅಂಕಿಗಳು ನೋಡಲು ಹತ್ತಿರವಿದ್ದರೂ ಪರಿಣಾಮದಲ್ಲಿ ಬಹಳ ಅಂತರವಿದೆ. ಅಮೆರಿಕದ ಮೂಲ ಸುಂಕಪಟ್ಟಿಯಲ್ಲಿ 9706ರ ವಸ್ತುಗಳಿಗೆ ಸುಂಕವಿಲ್ಲ. ಬ್ರಿಟನ್‌ನಲ್ಲಿ ನೂರು ವರ್ಷ ಮೀರಿದ ಪ್ರಾಚೀನ ವಸ್ತುವಿಗೆ ಆಮದಿನ ವ್ಯಾಟ್ ಶೇ. 20ರ ಬದಲು ಶೇ. 5ರಷ್ಟೇ ಬೀಳುತ್ತದೆ. 2022ರಲ್ಲಿ 9706ರ ಶೀರ್ಷಿಕೆಯನ್ನು 250 ವರ್ಷ ಮೀರಿದವು ಮತ್ತು ಉಳಿದವು ಎಂದು ಎರಡು ಭಾಗ ಮಾಡಿದರು. 1596ಕ್ಕಿಂತ ಹಿಂದಿನ ಕತ್ತಿಗಳನ್ನು ಜಪಾನಿನಲ್ಲಿ ‘ಕೊತೊ’ ಎನ್ನುತ್ತಾರೆ. ಅವೆಲ್ಲವೂ ಈ ಮೊದಲ ಭಾಗಕ್ಕೆ ಸೇರುತ್ತವೆ.

ಹಾಗಾದರೆ ಕತ್ತಿಯ ವಯಸ್ಸನ್ನು ಕಸ್ಟಮ್ಸ್ ಮೇಜಿನ ಮೇಲೆ ತಿಳಿಯುವುದು ಹೇಗೆ? ಉತ್ತರ ಹಿಡಿಯ ಒಳಗಿದೆ. ಜಪಾನಿ ಕತ್ತಿಯ ಹಿಡಿಯನ್ನು ಅಲಗಿಗೆ ಬಂಧಿಸಿರುವುದು ಬಿದಿರಿನ ಒಂದು ಚಿಕ್ಕ ಬೆಣೆ. ಸಣ್ಣ ಸುತ್ತಿಗೆಯಿಂದ ಮೆಲ್ಲನೆ ತಟ್ಟಿ ಬೆಣೆಯನ್ನು ಹೊರದೂಡಿದರೆ ಹಿಡಿ ಕಳಚಿ ಬರುತ್ತದೆ, ಕತ್ತಿಯ ಬುಡ ಕಾಣುತ್ತದೆ. ಅಲಗು ಕನ್ನಡಿಯಂತೆ ಹೊಳೆಯುತ್ತಿದ್ದರೂ ಬುಡವನ್ನು ಯಾರೂ ಉಜ್ಜುವುದಿಲ್ಲ. ಶತಮಾನಗಳಿಂದ ಅಲ್ಲಿ ಕೂತ ಗಾಢ ಕಂದು ಮತ್ತು ಕಪ್ಪು ತುಕ್ಕೇ ವಯಸ್ಸಿನ ಮೊದಲ ಗುರುತು. ಹೊಸ ಉಕ್ಕಿಗೆ ರಾಸಾಯನಿಕ ಬಳಿದು ಬರಿಸಿದ ತುಕ್ಕು ಕೆಂಪಗೆ, ಹುಡಿಹುಡಿಯಾಗಿ ಇರುತ್ತದೆ. ಬುಡದ ಒಂದು ಮುಖದಲ್ಲಿ ಕಮ್ಮಾರನ ಹೆಸರೂ ಊರೂ ಇರಬಹುದು. ಬಿಜೆನ್ ಪ್ರಾಂತದ ಒಸಾಫುನೆಯ ಸುಕೆಸದ ಎಂಬುದು ಸಂಗ್ರಾಹಕರು ಮತ್ತೆ ಮತ್ತೆ ಕಾಣುವ ಹೆಸರು. ಹದಿನಾರನೆಯ ಶತಮಾನದ ಯುದ್ಧಕಾಲದಲ್ಲಿ ಆ ಹೆಸರಿನ ಅನೇಕ ಕಮ್ಮಾರರು ಅಲ್ಲಿ ದುಡಿಯುತ್ತಿದ್ದರು. ಇನ್ನೊಂದು ಮುಖದಲ್ಲಿ ತಾರೀಕು ಕೆತ್ತಿದ್ದರೆ ಅದು ಹೆಚ್ಚಾಗಿ ಎರಡನೆಯ ಇಲ್ಲವೇ ಎಂಟನೆಯ ತಿಂಗಳಿನದಾಗಿರುತ್ತದೆ. ವರ್ಷದ ಆ ಎರಡು ತಿಂಗಳುಗಳನ್ನೇ ಬರೆಯುವುದು ಕಮ್ಮಾರರ ವಾಡಿಕೆಯಾಗಿತ್ತು.

ಸಹಿಯೊಂದನ್ನೇ ನಂಬುವಂತಿಲ್ಲ. ಪ್ರಸಿದ್ಧರ ಹೆಸರನ್ನು ಸಾಮಾನ್ಯ ಕತ್ತಿಗೆ ಕೆತ್ತುವ ಚಾಳಿ ಜಪಾನಿನಲ್ಲಿ ಹಳೆಯದು. ಸಹಿ ನಿಜವೋ ಅಲ್ಲವೋ ಎಂದು ತೀರ್ಮಾನಿಸುವುದು ಕಸ್ಟಮ್ಸ್ ಅಧಿಕಾರಿಯ ಕೆಲಸವೂ ಅಲ್ಲ. ಅವರು ನೋಡಬೇಕಾದದ್ದು ಕಾಗದದಲ್ಲಿರುವ ಕತ್ತಿಯೇ ಮೇಜಿನ ಮೇಲಿದೆಯೇ ಎಂಬುದನ್ನು. ಮೊನೆಯಿಂದ ಬೆನ್ನಿನ ಬುಡದ ಕಚ್ಚಿನವರೆಗೆ ನೇರ ಗೆರೆಯಲ್ಲಿ ಅಳೆದರೆ ಉದ್ದ ಸಿಗುತ್ತದೆ. ಬಾಗಿನ ಗುಂಟ ಅಳೆದರೆ ಲೆಕ್ಕ ತಪ್ಪುತ್ತದೆ, ಪತ್ರದ ಅಂಕಿಗೂ ಅಳತೆಗೂ ಹೊಂದಿಕೆಯಾಗದೆ ವಿನಾಕಾರಣ ಅನುಮಾನ ಹುಟ್ಟುತ್ತದೆ. 60.6 ಸೆಂಟಿಮೀಟರ್ ಮೀರಿದ್ದು ಕತಾನ, ಅದಕ್ಕಿಂತ ಗಿಡ್ಡದ್ದು ವಾಕಿಜಾಶಿ, 30.3 ಸೆಂಟಿಮೀಟರಿಗಿಂತ ಚಿಕ್ಕದು ತಾಂತೊ. ಉದ್ದ, ತೂತುಗಳ ಸಂಖ್ಯೆ, ಸಹಿ ಈ ಮೂರು ಹೊಂದಿದರೆ ಗುರುತಿನ ಮಟ್ಟಿಗೆ ಸಾಕು. ವಯಸ್ಸಿಗೆ ಆಧಾರವಾಗಿ ಸಂರಕ್ಷಣಾ ಸಂಘ ಕೊಡುವ ಪರೀಕ್ಷಾಪತ್ರವಿದ್ದರೆ ಇನ್ನೂ ಒಳ್ಳೆಯದು. ಅದರಲ್ಲಿ ಕತ್ತಿಯ ಫೋಟೋ ಕೂಡ ಇರುತ್ತದೆ.

ಈ ತಪಾಸಣೆಯಲ್ಲೇ ಕತ್ತಿಗೆ ಪೆಟ್ಟಾಗುವ ಭಯವೂ ಇದೆ. ಬರಿಗೈಯಲ್ಲಿ ಅಲಗನ್ನು ಮುಟ್ಟಿದರೆ ಬೆವರಿನ ಉಪ್ಪು ಅಂಟಿ, ಬೆರಳಿನ ಗುರುತೇ ತುಕ್ಕಾಗಿ ಕಚ್ಚಿಕೊಳ್ಳುತ್ತದೆ. ಆ ತುಕ್ಕು ತೆಗೆಯಲು ಸಾಣೆ ಹಿಡಿಯುವ ಕುಶಲಕರ್ಮಿಯ ಬಳಿಗೇ ಹೋಗಬೇಕು. ಅವನು ಒರಟಿನಿಂದ ನಯದವರೆಗೆ ಒಂದಾದ ಮೇಲೊಂದು ಕಲ್ಲಿನಲ್ಲಿ ವಾರಗಟ್ಟಲೆ ತಿಕ್ಕಬೇಕಾಗುತ್ತದೆ. ಪ್ರತಿ ಸಾಣೆಗೂ ಉಕ್ಕು ಸವೆಯುತ್ತದೆ, ಸವೆದದ್ದು ಮರಳಿ ಬರುವುದಿಲ್ಲ. ಕತ್ತಿ ನೋಡುವಾಗ ಜಪಾನೀಯರು ಮಾತಾಡುವುದಿಲ್ಲ, ಕೆಲವರು ತುಟಿಗಳ ನಡುವೆ ಕಾಗದ ಕಚ್ಚಿಕೊಳ್ಳುತ್ತಾರೆ. ಉಸಿರಿನ ತೇವವೂ ಅಲಗಿಗೆ ತಾಗಬಾರದೆಂಬುದು ಅವರ ಎಚ್ಚರ. ಒರೆಯಿಂದ ತೆಗೆಯುವಾಗ ಹರಿತವಾದ ಬಾಯಿ ಮೇಲಕ್ಕಿರಬೇಕು, ಬೆನ್ನು ಒರೆಯ ಒಳಮೈಗೆ ತಾಗಿಕೊಂಡು ಜಾರಬೇಕು. ಪಕ್ಕಕ್ಕೆ ತಿರುಚಿದರೆ ಒರೆಯೂ ಕೆಡುತ್ತದೆ, ಅಲಗಿನ ಮೇಲೆ ಗೀರೂ ಬೀಳುತ್ತದೆ, ಹಿಡಿದವರ ಕೈಯೂ ಕೊಯ್ಯಬಹುದು. ಹತ್ತಿಯ ಕೈಗವಸು ತೊಟ್ಟು, ಮೆತ್ತನೆಯ ಬಟ್ಟೆ ಹಾಸಿದ ಮೇಜಿನ ಮೇಲೆ ನೋಡುವುದೇ ಸರಿ.

ಅನುಭವವಿರುವ ವ್ಯಾಪಾರಿಗಳು ಇದನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡೇ ಕಟ್ಟುತ್ತಾರೆ. ಅಲಗಿಗೆ ಲವಂಗದೆಣ್ಣೆಯ ವಾಸನೆಯ ತೆಳು ಎಣ್ಣೆ ಸವರುತ್ತಾರೆ. ಅದನ್ನು ಹೊನೊಕಿ ಮರದ ಸಾದಾ ಒರೆಯಲ್ಲಿಡುತ್ತಾರೆ. ಅಲಂಕಾರದ ಹಿಡಿ ಮತ್ತು ಒರೆ ಬೇರೆಯಾಗಿ, ಅಲಗಿನ ಜಾಗದಲ್ಲಿ ಮರದ ನಕಲಿ ಅಲಗು ತುಂಬಿಕೊಂಡು ಸಾಗುತ್ತವೆ. ಪೆಟ್ಟಿಗೆ ಬಿಚ್ಚಿದವರಿಗೆ ಮೊದಲು ಕಾಣುವ ಜಾಗದಲ್ಲಿ ಕಾಗದಗಳೂ, ಅಲಗನ್ನು ಬರಿಗೈಯಲ್ಲಿ ಮುಟ್ಟಬೇಡಿ ಎಂಬ ಚೀಟಿಯೂ ಇರುತ್ತವೆ. ಆಯುಧವೆಂಬ ಕಾರಣಕ್ಕೆ ಅನೇಕ ಕೊರಿಯರ್ ಸಂಸ್ಥೆಗಳು ಕತ್ತಿ ಒಯ್ಯಲು ಒಪ್ಪುವುದಿಲ್ಲ. ಹಾಗಾಗಿ ಸಾಗಿಸುವವರನ್ನು ಮೊದಲೇ ಕೇಳಿ ಖಚಿತ ಮಾಡಿಕೊಳ್ಳಬೇಕಾಗುತ್ತದೆ.

ಸುಂಕ ತೀರಿದರೂ ಆಯುಧ ಕಾನೂನು ಉಳಿದೇ ಇರುತ್ತದೆ, ಅದು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಬ್ರಿಟನ್ 2008ರಲ್ಲಿ 50 ಸೆಂಟಿಮೀಟರ್ ಅಥವಾ ಅದಕ್ಕಿಂತ ಉದ್ದದ ಬಾಗು ಕತ್ತಿಗಳ ಮಾರಾಟವನ್ನೂ ಆಮದನ್ನೂ ನಿಷೇಧಿಸಿತು. ಅಗ್ಗದ ನಕಲಿ ಸಮುರಾಯ್ ಕತ್ತಿಗಳಿಂದ ನಡೆದ ಹಲ್ಲೆಗಳು ಅದಕ್ಕೆ ಕಾರಣ. ಆದರೆ 1954ಕ್ಕಿಂತ ಮೊದಲು ತಯಾರಾದ ಅಥವಾ ಸಾಂಪ್ರದಾಯಿಕ ಕೈವಿಧಾನದಲ್ಲಿ ಮಾಡಿದ ಕತ್ತಿಗಳಿಗೆ ಕಾನೂನು ದಾರಿ ಬಿಟ್ಟಿದೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ 2004ರಿಂದ ಕತ್ತಿ ನಿಷಿದ್ಧ ಆಯುಧ, ವಿನಾಯಿತಿ ಇರುವವರು ಮಾತ್ರ ಇಟ್ಟುಕೊಳ್ಳಬಹುದು. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 10ನೇ ಕಲಮಿನಂತೆ ಯಾವ ಶಸ್ತ್ರವನ್ನಾದರೂ ದೇಶದೊಳಗೆ ತರಲು ಅಥವಾ ಹೊರಗೆ ಒಯ್ಯಲು ಪರವಾನಗಿ ಬೇಕು. ಮನೆ, ಹೊಲ, ಕಾರ್ಖಾನೆಯ ಕೆಲಸಕ್ಕಲ್ಲದ, 9 ಇಂಚಿಗಿಂತ ಉದ್ದದ ಅಲಗಿನ ಕತ್ತಿಯೂ ಶಸ್ತ್ರಗಳ ಪಟ್ಟಿಯಲ್ಲೇ ಇದೆ. ಜಪಾನಿನ ಪ್ರಮಾಣಪತ್ರ ಎಷ್ಟೇ ಸರಿಯಿರಲಿ, ಆ ಪರವಾನಗಿಯ ಜಾಗವನ್ನು ಅದು ತುಂಬುವುದಿಲ್ಲ.

ಉಕ್ಕಿನ ಜೊತೆ ಪ್ರಾಣಿಜನ್ಯ ವಸ್ತುಗಳೂ ಕತ್ತಿಯಲ್ಲಿರುತ್ತವೆ. ಹಿಡಿಗೆ ಸುತ್ತಿದ ರೇಷ್ಮೆ ದಾರದ ಅಡಿಯಲ್ಲಿ ಕಾಣುವ ಬಿಳಿಯ ಗುಳ್ಳೆಗುಳ್ಳೆಯ ಚರ್ಮ ತೊರಕೆ ಮೀನಿನದು. ಹಿಡಿಯ ತುದಿಗೂ ಒರೆಯ ಬಾಯಿಗೂ ಎಮ್ಮೆ ಕೊಂಬು ಬಳಸುವುದು ರೂಢಿ, ಅದರಿಂದ ಸಾಮಾನ್ಯವಾಗಿ ತೊಡಕಿಲ್ಲ. ತೊಡಕಿರುವುದು ದಂತದಲ್ಲಿ. ಅಳಿವಿನಂಚಿನ ಜೀವಿಗಳ ವ್ಯಾಪಾರದ ಅಂತಾರಾಷ್ಟ್ರೀಯ ಒಪ್ಪಂದ 1975ರಲ್ಲಿ ಜಾರಿಯಾಯಿತು. ದಂತದ ತುಣುಕಿರುವ ಹಳೆಯ ಕತ್ತಿಗೆ ಅದು ಒಪ್ಪಂದಕ್ಕಿಂತ ಮೊದಲಿನದು ಎಂಬ ಪ್ರತ್ಯೇಕ ಪ್ರಮಾಣಪತ್ರ ಬೇಕಾಗುತ್ತದೆ. ಅಂಥ ಪ್ರಾಚೀನ ವಸ್ತುಗಳು ಗೊತ್ತುಪಡಿಸಿದ ಬಂದರುಗಳ ಮೂಲಕವೇ ಬರಬೇಕೆಂದು ಅಮೆರಿಕದ ನಿಯಮವಿದೆ. ಮೇಜಿ ಕಾಲದಲ್ಲಿ ವಿದೇಶಿ ಪ್ರವಾಸಿಗಳಿಗೆಂದೇ ಮಾಡಿದ, ಮೈತುಂಬ ಕೆತ್ತನೆಯ ಕತ್ತಿಗಳಲ್ಲಿ ಎಲುಬೂ ಇರುತ್ತದೆ, ದಂತವೂ ಇರುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಎಲುಬಿನಲ್ಲಿ ಸಣ್ಣ ಕಪ್ಪು ರಂಧ್ರಗಳು ಕಾಣುತ್ತವೆ. ಆನೆದಂತದ ಅಡ್ಡಕೊಯ್ತದಲ್ಲಿ ಒಂದನ್ನೊಂದು ಹಾಯುವ ಓರೆಗೆರೆಗಳಿರುತ್ತವೆ.

ಸುಂಕ ಉಳಿಸಲು ಇನ್‌ವಾಯ್ಸ್‌ನಲ್ಲಿ ಬೆಲೆ ತಗ್ಗಿಸಿ ಬರೆಯುವುದು, ಕತ್ತಿಯನ್ನು ಗೋಡೆಯ ಅಲಂಕಾರ ಎಂದು ನಮೂದಿಸುವುದು ನಡೆಯುತ್ತದೆ. ಎಕ್ಸ್‌ರೇ ಯಂತ್ರದಲ್ಲಿ ಅಲಗಿನ ಆಕಾರ ಸ್ಪಷ್ಟವಾಗಿ ಕಾಣುತ್ತದೆ. ಸುಳ್ಳು ಬಯಲಾದ ಮೇಲೆ ಜೊತೆಯಲ್ಲಿರುವ ನಿಜವಾದ ಕಾಗದಗಳ ಮೇಲೂ ಅಧಿಕಾರಿಗೆ ನಂಬಿಕೆ ಉಳಿಯುವುದಿಲ್ಲ, ಕಳೆದರೆ ವಿಮೆಯ ಹಣವೂ ಬರೆದ ಬೆಲೆಯನ್ನು ಮೀರುವುದಿಲ್ಲ. ಸುಮಾರು ಇಂಥ ವರ್ಷದ್ದು, ಕೈಯಿಂದ ಮಾಡಿದ್ದು, ಜಪಾನಿನ ಪ್ರಾಚೀನ ಕಲಾಖಡ್ಗ ಎಂದು ಬರೆದು, ಕೊಟ್ಟ ಬೆಲೆಯನ್ನೇ ನಮೂದಿಸುವುದು ಕ್ಷೇಮ.

ಹಳೆಯ ವಸ್ತುಗಳನ್ನು ಹೊರಗೆ ಬಿಡುವ ವಿಷಯದಲ್ಲಿ ಭಾರತದ ನಿಲುವು ಜಪಾನಿನದಕ್ಕಿಂತ ಬಿಗಿ. 1972ರ ಪುರಾತನ ವಸ್ತುಗಳ ಕಾಯ್ದೆಯಂತೆ ನೂರು ವರ್ಷ ದಾಟಿದ ಪುರಾತನ ವಸ್ತುವನ್ನು ಕೇಂದ್ರ ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟ ಸಂಸ್ಥೆಯ ಹೊರತು ಬೇರೆ ಯಾರೂ ಹೊರದೇಶಕ್ಕೆ ಕಳುಹಿಸುವಂತಿಲ್ಲ. ಆದರೆ ಕರ್ನಾಟಕದ ಹೆಸರಾಂತ ಕತ್ತಿಗಳು ಆ ಕಾಯ್ದೆ ಹುಟ್ಟುವ ಬಹಳ ಮೊದಲೇ ಹಡಗು ಹತ್ತಿದ್ದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಟಿಪ್ಪುವಿನ ಶಯನಗೃಹದ ಕತ್ತಿ ಬ್ರಿಟಿಷ್ ಸೇನಾನಿ ಡೇವಿಡ್ ಬೇರ್ಡ್ ಪಾಲಾಯಿತು. 2023ರ ಮೇ ತಿಂಗಳಲ್ಲಿ ಅದು ಲಂಡನ್ನಿನ ಬೋನಮ್ಸ್ ಹರಾಜಿನಲ್ಲಿ 1.4 ಕೋಟಿ ಪೌಂಡಿಗೆ ಮಾರಾಟವಾಯಿತು.

ಹೊರಗಿರುವ ಜಪಾನಿ ಕತ್ತಿ ತವರಿಗೆ ಮರಳಬೇಕಾದರೂ ತಪಾಸಣೆ ತಪ್ಪದು. ಸಾಣೆ ಹಿಡಿಸಲು, ಸಂಘದ ಪರೀಕ್ಷೆಗೆ ಒಡ್ಡಲು, ಮಾರಲು ಪ್ರತಿವರ್ಷ ಅನೇಕ ಕತ್ತಿಗಳು ಜಪಾನಿಗೆ ಹಿಂತಿರುಗುತ್ತವೆ. ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಮೊದಲೇ ಘೋಷಿಸಬೇಕು, ಪೊಲೀಸರಿಂದ ತಾತ್ಕಾಲಿಕ ಪತ್ರ ಪಡೆಯಬೇಕು, ಆಮೇಲೆ ಪ್ರಾಂತದ ಶಿಕ್ಷಣ ಮಂಡಳಿಯ ಪರೀಕ್ಷಕರ ಮುಂದಿಟ್ಟು ಹೊಸದಾಗಿ ನೋಂದಾಯಿಸಬೇಕು. ಸಾಂಪ್ರದಾಯಿಕವಾಗಿ ಬಡಿದು ಮಾಡಿದ ಕತ್ತಿಗೆ ನೋಂದಣಿ ಸಿಗುತ್ತದೆ. ಯುದ್ಧಕಾಲದಲ್ಲಿ ಯಂತ್ರದಿಂದ ತಯಾರಾದ ಸೇನಾ ಕತ್ತಿಗೆ ಸಿಗುವುದಿಲ್ಲ, ಅದನ್ನು ಜಪಾನಿನಲ್ಲಿ ಇಟ್ಟುಕೊಳ್ಳುವಂತಿಲ್ಲ. ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕ ಸೇನಾ ಕತ್ತಿಯನ್ನು ಮೂಲ ಕುಟುಂಬಕ್ಕೆ ಮರಳಿಸಬೇಕೆಂದು ಬಯಸುವ ಅಮೆರಿಕದ ಮೊಮ್ಮಕ್ಕಳು ಕತ್ತಿ ಕಳುಹಿಸುವ ಮೊದಲು ಬುಡದ ಫೋಟೋ ತೆಗೆದು ಬಲ್ಲವರಿಗೆ ತೋರಿಸುವುದು ಇದಕ್ಕೇ ಅಗತ್ಯ. ಸೇನಾ ಕತ್ತಿಯ ಹಿಡಿಯೊಳಗೆ ಕೆಲವೊಮ್ಮೆ ಕಾರ್ಖಾನೆಯ ಮುದ್ರೆ ಒತ್ತಿದ ಹೊಸ ಉಕ್ಕು ಇರುತ್ತದೆ, ಕೆಲವೊಮ್ಮೆ ಮನೆತನದ ಹಳೆಯ ಅಲಗು.