ಬಲವಿದ್ದವರಿಗೂ ನೆಪ ಬೇಕಾಯಿತು

1956ರ ಜುಲೈ 26ರಂದು ಅಲೆಕ್ಸಾಂಡ್ರಿಯಾದ ಭಾಷಣದಲ್ಲಿ ಈಜಿಪ್ಟಿನ ಅಧ್ಯಕ್ಷ ನಾಸೆರ್, ಸೂಯೆಜ್ ಕಾಲುವೆ ತೋಡಿಸಿದ ಡಿ ಲೆಸೆಪ್ಸ್‌ನ ಹೆಸರನ್ನು ಮತ್ತೆ ಮತ್ತೆ ಎತ್ತಿದರು. ಅದು ಸಂಕೇತ. ರೇಡಿಯೊದಲ್ಲಿ ಆ ಹೆಸರು ಕೇಳಿದ್ದೇ ತಡ, ಅವರ ಕಡೆಯವರು ಕಾಲುವೆ ಕಂಪನಿಯ ಕಚೇರಿಗಳನ್ನು ವಶಪಡಿಸಿಕೊಂಡರು.

ಬ್ರಿಟನ್, ಫ್ರಾನ್ಸ್ ಕೆಂಡಾಮಂಡಲವಾದವು. ಇಬ್ಬರ ಬಳಿಯೂ ಸೇನೆಯಿತ್ತು, ಯುದ್ಧನೌಕೆಗಳಿದ್ದವು. ಲೋಕ ಒಪ್ಪುವಂಥ ಕಾರಣವೊಂದೇ ಇರಲಿಲ್ಲ. ನಾಸೆರ್ ಷೇರುದಾರರಿಗೆ ಪರಿಹಾರ ಕೊಡುವುದಾಗಿ ಹೇಳಿದ್ದರು, ಹಡಗುಗಳ ಓಡಾಟವೂ ನಿಂತಿರಲಿಲ್ಲ. ಹಾಗಾಗಿ ಕಾರಣವನ್ನೇ ಹುಟ್ಟಿಸಬೇಕಾಯಿತು. ಅಕ್ಟೋಬರ್‌ನಲ್ಲಿ ಪ್ಯಾರಿಸ್ ಪಕ್ಕದ ಸೆವ್ರ್‌ನ ಮನೆಯೊಂದರಲ್ಲಿ ಇಸ್ರೇಲ್ ಜೊತೆ ಗುಟ್ಟಿನ ಒಪ್ಪಂದವಾಯಿತು: ಇಸ್ರೇಲ್ ದಾಳಿ ಮಾಡುವುದು, ಜಗಳ ಬಿಡಿಸುವ ಹೆಸರಿನಲ್ಲಿ ಇವರಿಬ್ಬರು ಇಳಿಯುವುದು. ಮಾತನ್ನು ಕಾಗದಕ್ಕಿಳಿಸಿದ್ದಾರೆಂದು ತಿಳಿದ ಬ್ರಿಟಿಷ್ ಪ್ರಧಾನಿ ಈಡನ್, ಪ್ರತಿಗಳನ್ನೆಲ್ಲ ನಾಶಮಾಡಿಸಲು ಅಧಿಕಾರಿಗಳನ್ನು ಮತ್ತೆ ಪ್ಯಾರಿಸ್‌ಗೆ ಅಟ್ಟಿದರು. ಇಸ್ರೇಲಿನ ಪ್ರತಿ ಮಾತ್ರ ಉಳಿದುಕೊಂಡಿತು.

ನಾಟಕ ಮೊದಲ ಅಂಕದಲ್ಲೇ ಬಯಲಾಯಿತು. ಇಸ್ರೇಲ್, ಈಜಿಪ್ಟ್ ಎರಡರ ಸೇನೆಗಳೂ ಕಾಲುವೆಯಿಂದ 10 ಮೈಲಿ ಹಿಂದೆ ಸರಿಯಬೇಕೆಂದು ಅಕ್ಟೋಬರ್ 30ರಂದು ಬ್ರಿಟನ್, ಫ್ರಾನ್ಸ್ ಗಡುವು ಕೊಟ್ಟಾಗ ಇಸ್ರೇಲಿ ಪಡೆ ಇನ್ನೂ ಅಷ್ಟು ಹತ್ತಿರ ಬಂದೇ ಇರಲಿಲ್ಲ!

ಭದ್ರತಾ ಮಂಡಳಿಯಲ್ಲಿ ಇಬ್ಬರೂ ವೀಟೊ ಚಲಾಯಿಸಿ ಪಾರಾದರು. ವೀಟೊ ಇಲ್ಲದ ಮಹಾಸಭೆಯಲ್ಲಿ ಆ ದಾರಿ ಇರಲಿಲ್ಲ. ನವೆಂಬರ್ 2ರಂದು ಕದನವಿರಾಮದ ಪರ 64 ಮತ ಬಿದ್ದರೆ ವಿರುದ್ಧ ಬಿದ್ದದ್ದು 5. ಆದರೆ ಈಡನ್‌ರನ್ನು ಬಗ್ಗಿಸಿದ್ದು ಮತಗಳೊಂದೇ ಎಂದರೆ ತಪ್ಪಾಗುತ್ತದೆ. ಪೌಂಡ್ ಕುಸಿಯತೊಡಗಿತ್ತು. ಕದನ ನಿಲ್ಲಿಸದೆ ಐಎಂಎಫ್ ನೆರವಿಗೆ ಬೆಂಬಲವಿಲ್ಲ ಎಂದು ಅಮೆರಿಕ ಪಟ್ಟುಹಿಡಿಯಿತು. ನವೆಂಬರ್ 6ಕ್ಕೆ ಕದನ ನಿಂತಿತು, ಜನವರಿಯಲ್ಲಿ ಈಡನ್ ರಾಜೀನಾಮೆ ಕೊಟ್ಟರು. ಲೋಕದ ಛೀಮಾರಿಗೆ ಡಾಲರ್‌ನ ಬೆಂಬಲವೂ ಸಿಕ್ಕಿದ್ದರಿಂದ ಅದು ನಾಟಿತು.

ಅದೇ ವಾರ, ನವೆಂಬರ್ 4ರಂದು ಹಂಗೆರಿಯ ದಂಗೆಯನ್ನು ಹತ್ತಿಕ್ಕಲು ಸೋವಿಯತ್ ಟ್ಯಾಂಕ್‌ಗಳು ಬುಡಾಪೆಸ್ಟ್‌ಗೆ ನುಗ್ಗಿದವು. ಮಹಾಸಭೆ ಅದನ್ನೂ ಖಂಡಿಸಿತು. ಆದರೆ ಮಾಸ್ಕೋದ ಕೈ ತಿರುಚಬಲ್ಲ ಸಾಲದಾತ ಯಾರೂ ಇರಲಿಲ್ಲ. ಟ್ಯಾಂಕ್‌ಗಳು ಅಲ್ಲೇ ಉಳಿದವು. ಅಂದಿನ ಮತದಾನದಲ್ಲಿ, ಸೂಯೆಜ್ ದಾಳಿಯನ್ನು ಗಟ್ಟಿದನಿಯಲ್ಲಿ ಖಂಡಿಸಿದ್ದ ಭಾರತ ತಟಸ್ಥವಾಗಿ ಕೂತಿತು. ಈಜಿಪ್ಟಿಗೊಂದು ನ್ಯಾಯ, ಹಂಗೆರಿಗೊಂದು ನ್ಯಾಯವೇ ಎಂದು ನೆಹರೂ ಅವರನ್ನು ಟೀಕಿಸಿದವರಲ್ಲಿ ಜಯಪ್ರಕಾಶ ನಾರಾಯಣರೂ ಇದ್ದರು.