ವಿದ್ಯುದುಪಕರಣಗಳ ಪರೀಕ್ಷೆ : ಅವಧಿಯ ವಿಚಾರ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ಆಸ್ಟ್ರೇಲಿಯ ದೇಶದ ಮೆಲ್ಬರ್ನಿನ ಕಾರ್ಖಾನೆಯೊಂದರಲ್ಲಿ ಉದ್ಯೋಗಸ್ಥರು. ಕಳೆದ ವರ್ಷ ರಜೆಯಲ್ಲಿ ಬಂದಿದ್ದ ಅವರು ಅಧ್ಯಾಪಕರ ಕೊಠಡಿಯಲ್ಲಿ ಚಹಾ ಕಾಯಿಸುವ ಕೆಟಲಿನ ತಂತಿಯನ್ನು ತುದಿಯಿಂದ ತುದಿಯವರೆಗೆ ಪರಿಶೀಲಿಸಿ, "ಗುರುಗಳೇ, ಇದನ್ನು ಕಡೆಯ ಸಲ ಪರೀಕ್ಷಿಸಿದ್ದು ಯಾವಾಗ?" ಎಂದು ಕೇಳಿದರು. ಕೇಶಿರಾಜನ ಸೂತ್ರವನ್ನು ಕೇಳಿದ್ದರೆ ಉತ್ತರಿಸುತ್ತಿದ್ದೆ. ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಅವರಿಂದಲೂ ಗ್ರಂಥಗಳಿಂದಲೂ ತಿಳಿದುಕೊಂಡುದನ್ನು ಇಲ್ಲಿ ನಿವೇದಿಸಿದ್ದೇನೆ.

ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್ ದೇಶಗಳಿಗೆ ಈ ವಿಷಯದಲ್ಲಿ 3760 ಎಂಬ ಸಂಖ್ಯೆಯ ಜಂಟಿ ಮಾನಕವೊಂದುಂಟು. ಪರೀಕ್ಷೆಗೊಳಗಾದ ಉಪಕರಣದ ತಂತಿಗೆ ಒಂದು ಚೀಟಿಯನ್ನು ಕಟ್ಟುವರು. ಪರೀಕ್ಷಿಸಿದವರ ಹೆಸರು, ಪರೀಕ್ಷೆಯ ದಿನಾಂಕ, ಮುಂದಿನ ಪರೀಕ್ಷೆಯ ದಿನಾಂಕ ಇವು ಅದರ ಮೇಲಿರುವುವು. ಈ ಮುಂದಿನ ದಿನಾಂಕವನ್ನು ನಿರ್ಣಯಿಸುವ ಕ್ರಮವೇ ನನಗೆ ವಿಶೇಷವಾಗಿ ಕಂಡಿತು. ಕಾರ್ಖಾನೆ, ದುರಸ್ತಿಯ ಕಾರ್ಯಾಗಾರಗಳಲ್ಲಿ ಆರು ತಿಂಗಳು. ಕಟ್ಟಡ ಕಟ್ಟುವ ಸ್ಥಳದಲ್ಲಿ ಸಾಮಾನ್ಯವಾಗಿ ಮೂರೇ ತಿಂಗಳು. ತಂತಿಯು ಪದೇ ಪದೇ ಬಾಗಿ, ಎಳೆದಾಟಕ್ಕೆ ಸಿಲುಕುವೆಡೆ ಹನ್ನೆರಡು ತಿಂಗಳು. ಮೇಜಿನ ಮೇಲೆ ಕದಲದೆ ಕುಳಿತಿರುವ ಉಪಕರಣಕ್ಕೆ ಐದು ವರ್ಷ. ಅಂದರೆ ಒಂದೇ ಬಗೆಯ ವಿಸ್ತರಣ ತಂತಿಯು ಕಛೇರಿಯ ಮೂಲೆಯಲ್ಲಿದ್ದರೆ ಒಂದು ಅವಧಿ, ಬಡಗಿಯ ಕಾಲಡಿಯಲ್ಲಿದ್ದರೆ ಮತ್ತೊಂದು. ವಸ್ತುವಿನ ಹೆಸರಿಗಿಂತ ಅದು ಬಾಳುವ ಸ್ಥಳಕ್ಕೇ ಇಲ್ಲಿ ಪ್ರಾಧಾನ್ಯ.

ಬ್ರಿಟನ್ನಿನಲ್ಲಿ 1989ರ ಕಾಯಿದೆಯು ಉಪಕರಣಗಳನ್ನು ಅಪಾಯವಾಗದಂತೆ ಇರಿಸಬೇಕೆಂದು ವಿಧಿಸುತ್ತದೆಯೇ ಹೊರತು ಅವಧಿಯನ್ನೂ ಚೀಟಿಯನ್ನೂ ವಿಧಿಸುವುದಿಲ್ಲ. ಆದರೂ ವರ್ಷಕ್ಕೊಮ್ಮೆ ಎಲ್ಲವನ್ನೂ ಪರೀಕ್ಷಿಸಲೇಬೇಕೆಂಬ ಭ್ರಮೆ ಅಲ್ಲಿ ಬಹುಕಾಲದಿಂದ ಹಬ್ಬಿದೆಯಂತೆ. ನಮ್ಮ ದೇಶದ 1956ರ ವಿದ್ಯುತ್ ನಿಯಮಾವಳಿಯ 46ನೆಯ ನಿಯಮವು ಕಟ್ಟಡದ ವಿದ್ಯುತ್ ವ್ಯವಸ್ಥೆಯನ್ನು ಐದು ವರ್ಷ ಮೀರದ ಅವಧಿಯಲ್ಲಿ ಪರೀಕ್ಷಿಸಬೇಕೆಂದಿತ್ತು; 2010ರಲ್ಲಿ ಆ ನಿಯಮಾವಳಿಯ ಸ್ಥಾನಕ್ಕೆ ಬೇರೆ ನಿಯಮಗಳು ಬಂದವು. ಕೈಯಲ್ಲಿ ಹಿಡಿದು ಬಳಸುವ ಉಪಕರಣಗಳಿಗೆ ಚೀಟಿ ಕಟ್ಟುವ ಪದ್ಧತಿ ನಮ್ಮಲ್ಲಿ ಸಾಮಾನ್ಯವಾಗಿ ರೂಢಿಯಲ್ಲಿಲ್ಲ.

ಪರೀಕ್ಷೆಯೆಂದರೇನು? ಮೊದಲನೆಯದು ಕಣ್ಣಿನ ಪರೀಕ್ಷೆ. ಬಿರಿದ ಹೊದಿಕೆ, ಸಡಿಲಗೊಂಡ ಪ್ಲಗ್ಗು, ಕಪ್ಪಿಟ್ಟ ಸಾಕೆಟ್ಟು, ಟೇಪು ಸುತ್ತಿದ ಜೋಡಣೆ ಮುಂತಾದ ದೋಷಗಳಲ್ಲಿ ಬಹುಪಾಲು ಕಣ್ಣಿಗೇ ಗೋಚರಿಸುತ್ತವೆ. ಉಳಿದುದನ್ನು ಮಾಪಕದಿಂದ ಅರಿಯಬೇಕು. ಲೋಹದ ಮೈಯುಳ್ಳ ಉಪಕರಣದಲ್ಲಿ ಭೂತಂತಿಯ ರೋಧವು ಒಂದು ಓಮನ್ನು ಮೀರಬಾರದು; 500 ವೋಲ್ಟುಗಳಲ್ಲಿ ಅಳೆದಾಗ ಹೊದಿಕೆಯ ರೋಧವು ಒಂದು ಮೆಗಾ ಓಮಿಗಿಂತ ಕಡಿಮೆಯಿರಬಾರದು. ಭೂತಂತಿಯನ್ನು ಜನರು 'ಅರ್ಥ್' ಎನ್ನುವರು. ಅರ್ಥವಿಲ್ಲದ ತಂತಿಯೆಂದು ಬಗೆದು ಅದನ್ನು ಕತ್ತರಿಸಿಬಿಡುವವರೂ ಇದ್ದಾರೆ!

ಇದನ್ನು ನಾನು ಹಾಸ್ಯಕ್ಕಾಗಿ ಬರೆಯುತ್ತಿಲ್ಲ. ನಾನು ಉಪಾಧ್ಯಾಯನಾದ ಹೊಸತರಲ್ಲಿ, ಒಂದು ಊರಿನ ವಿದ್ಯಾರ್ಥಿನಿಲಯದ ಅಡುಗೆಮನೆಯಲ್ಲಿ ಹಿಟ್ಟು ರುಬ್ಬುವ ಯಂತ್ರವಿತ್ತು. ಮೂರು ಕಡ್ಡಿಯ ಪ್ಲಗ್ಗು ಮುರಿದಾಗ ಯಾರೋ ಎರಡು ಕಡ್ಡಿಯದನ್ನು ಹಾಕಿ, ಹಸಿರು ತಂತಿಯನ್ನು ಕತ್ತರಿಸಿ ಮಡಿಚಿಟ್ಟಿದ್ದರು. ಯಂತ್ರವು ಎಂದಿನಂತೆಯೇ ತಿರುಗುತ್ತಿದ್ದಿತು. ತಿಂಗಳುಗಳ ತರುವಾಯ ಒಳಗಿನ ತಂತಿಯ ಹೊದಿಕೆ ಸವೆದು ಲೋಹದ ಮೈಗೆ ತಾಗಿತು. ಒದ್ದೆಗೈಯಿಂದ ಮುಟ್ಟಿದ ಅಡುಗೆಯ ಹುಡುಗನು ಹಿಂದಕ್ಕೆ ಎಸೆಯಲ್ಪಟ್ಟನು. ಜೀವ ಉಳಿಯಿತು, ಬಲಗೈಯ ಎರಡು ಬೆರಳುಗಳು ಮಾತ್ರ ಮತ್ತೆ ನೆಟ್ಟಗಾಗಲಿಲ್ಲ. ಭೂತಂತಿಯಿದ್ದಿದ್ದರೆ ವಿದ್ಯುತ್ತು ಆ ದಾರಿಯಿಂದ ನೆಲಕ್ಕಿಳಿದು ಫ್ಯೂಸು ಹೋಗಬೇಕಾಗಿತ್ತು. ಈ ದೋಷದ ಕ್ರೌರ್ಯವು ಇಲ್ಲಿಯೇ ಇದೆ: ಭೂತಂತಿ ಹೋದರೂ ಯಂತ್ರ ನಿಲ್ಲುವುದಿಲ್ಲ, ಆದುದರಿಂದ ಯಾರೂ ಹುಡುಕುವುದಿಲ್ಲ.

30 ಮಿಲಿಆಂಪಿಯರಿನಷ್ಟು ಸೋರಿಕೆಗೆ ವಿದ್ಯುತ್ತನ್ನು ಕಡಿದುಹಾಕುವ ಸ್ವಿಚ್ಚು ಈಗ ದೊರೆಯುತ್ತದೆ. ಅದು ಸ್ತುತ್ಯ. ಆದರೆ ಅದರಲ್ಲಿಯೂ ಪರೀಕ್ಷೆಯ ಗುಂಡಿಯೊಂದಿದ್ದು, ಅದನ್ನು ಆಗಾಗ ಒತ್ತಿ ನೋಡಬೇಕು.

ಆ ವಿದ್ಯಾರ್ಥಿಯು ಹೊರಡುವ ಮುನ್ನ ಒಂದು ಮಧ್ಯಾಹ್ನ ನಮ್ಮೊಡನೆ ಪ್ರಯೋಗಾಲಯ, ಕಾರ್ಯಾಗಾರ, ಅಡುಗೆಮನೆಗಳನ್ನು ಸುತ್ತಿದರು. ಕೆಟಲಿನ ಭೂತಂತಿ ಸರಿಯಾಗಿದ್ದಿತು. ಕಾರ್ಯಾಗಾರದ ಎರಡು ವಿಸ್ತರಣ ತಂತಿಗಳನ್ನು ಮಾತ್ರ ಬಳಕೆಯಿಂದ ತೆಗೆದಿರಿಸಲಾಯಿತು. ಉಳಿದವಕ್ಕೆ ದಿನಾಂಕದ ಚೀಟಿ ಕಟ್ಟಿದೆ. ಕಾರ್ಯಾಗಾರದವುಗಳ ಸರದಿ ಆರು ತಿಂಗಳಿಗೆ ಮತ್ತೆ ಬರುವುದು.