ಬಾಡಿಗೆದಾರರಿಗೆಂದು ಎದ್ದ ಗೋಡೆ

ಲಂಡನ್ನಿನ ಸೌತ್‌ಹಾಲ್‌ನಲ್ಲಿ ಬಾಡಿಗೆಗಿರುವ ಕನ್ನಡದ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರ ಲ್ಯಾಪ್‌ಟಾಪಿನ ಹೋಮ್ ಫೋಲ್ಡರ್‌ನಲ್ಲಿ ಏನೇನಿರುತ್ತದೆ? ಪಾಸ್‌ಪೋರ್ಟ್ ಸ್ಕ್ಯಾನ್, ವೀಸಾ ಪತ್ರ, ಸಂಬಳದ ಚೀಟಿ, ಬಾಡಿಗೆ ಕರಾರು, ಈಲಿಂಗ್ ಕೌನ್ಸಿಲ್ಲಿನ ತೆರಿಗೆ ಬಿಲ್ಲು. ಕಾಯಂ ವಾಸದ ಅರ್ಜಿ ಹಾಕುವಾಗ ಬೇಕಾದೀತೆಂದು ಜೋಪಾನ ಮಾಡಿದ್ದೆಲ್ಲ ಅಲ್ಲೇ. ಜೊತೆಗೆ ಆಫೀಸಿನ ಸರ್ವರ್ ತೆರೆಯುವ ಎಸ್‌ಎಸ್‌ಎಚ್ ಕೀ. ಆ ಲ್ಯಾಪ್‌ಟಾಪಿನಲ್ಲಿ, ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಯಾವುದೋ ಪ್ಯಾಕೇಜನ್ನು ಓಡಿಸಿದರೆ ಸಾಕು, ಇವಿಷ್ಟನ್ನೂ ಓದುವ ಹಕ್ಕು ಅದಕ್ಕೆ ಸಿಕ್ಕಿತು. ಕದ್ದು ನುಗ್ಗಬೇಕಾಗಿಲ್ಲ, ಯಜಮಾನರ ಹೆಸರಿನಲ್ಲೇ ಓಡುತ್ತದಲ್ಲ! 2018ರಲ್ಲಿ ಇವೆಂಟ್-ಸ್ಟ್ರೀಮ್ ಎಂಬ ಜನಪ್ರಿಯ ಪ್ಯಾಕೇಜಿನ ಉಸ್ತುವಾರಿ ವಹಿಸಿಕೊಂಡ ಹೊಸಬನೊಬ್ಬ ಬಿಟ್‌ಕಾಯಿನ್ ವ್ಯಾಲೆಟ್ ದೋಚುವ ಕೋಡನ್ನು ಅದರ ಬೆನ್ನಿಗೆ ಕಟ್ಟಿ ಕಳಿಸಿದ್ದ.

ಈ ಸಡಿಲಿಕೆ ಯುನಿಕ್ಸ್ ಎಂಬ ಹಳೆಯ ಆಪರೇಟಿಂಗ್ ಸಿಸ್ಟಂನ ಕಾಲದ್ದು. ಆಗ ಒಂದು ಕಂಪ್ಯೂಟರಿಗೆ ಹತ್ತಾರು ಜನ. ಸೌತ್‌ಹಾಲ್ ಸುತ್ತಲಿನ ಕಾರ್ಖಾನೆಗಳಿಗೆ ಬಂದ ಪಂಜಾಬಿ ಕೆಲಸಗಾರರು ಪಾಳಿ ಮುಗಿದಂತೆ ಒಂದೇ ಹಾಸಿಗೆಯನ್ನು ಹಂಚಿಕೊಂಡು ಮಲಗುತ್ತಿದ್ದ ಹಾಗೆ, ಯಂತ್ರವನ್ನೂ ಹಂಚಿಕೊಂಡು ಬಳಸುತ್ತಿದ್ದರು. ಹಾಗಾಗಿ ಬೇಲಿ ಹಾಕಿದ್ದು ಒಬ್ಬ ಬಳಕೆದಾರನಿಗೂ ಇನ್ನೊಬ್ಬನಿಗೂ ನಡುವೆ. ನಾವೇ ಓಡಿಸಿದ ಪ್ರೋಗ್ರಾಂ ನಮಗೇ ಎರಡು ಬಗೆದೀತೆಂದು ಯಾರೂ ಯೋಚಿಸಲಿಲ್ಲ.

1979ರ ಯುನಿಕ್ಸ್ ಏಳನೇ ಆವೃತ್ತಿಯಲ್ಲಿ ಬಂದ ಸಿಎಚ್‌ರೂಟ್, ಪ್ರೋಗ್ರಾಂಗೆ ಫೈಲುಗಳ ಒಂದು ಮೂಲೆಯನ್ನಷ್ಟೇ ತೋರಿಸಿ ಅದೇ ಜಗತ್ತೆಂದು ನಂಬಿಸಿತು. ಭದ್ರತೆಗೆಂದು ಮಾಡಿದ್ದಲ್ಲ, ತಪ್ಪಿಸಿಕೊಳ್ಳುವುದೂ ಕಷ್ಟವಿರಲಿಲ್ಲ. ಅದನ್ನು ಬಿಗಿ ಮಾಡಿದವರು ಡೆನ್ಮಾರ್ಕಿನ ಪೌಲ್-ಹೆನ್ನಿಂಗ್ ಕ್ಯಾಂಪ್. 2000ದಲ್ಲಿ ಯುನಿಕ್ಸ್ ವಂಶದ ಫ್ರೀಬಿಎಸ್‌ಡಿ 4.0 ಜೊತೆ ಬಂದ ಅವರ 'ಜೈಲ್' ಹುಟ್ಟಿದ್ದು ವೆಬ್ ಹೋಸ್ಟಿಂಗ್ ಕಂಪನಿಯೊಂದರ ಗರಜಿಗೆ: ಒಂದೇ ಸರ್ವರ್‌ನಲ್ಲಿರುವ ಗಿರಾಕಿಗಳು ಒಬ್ಬರ ತಂಟೆಗೊಬ್ಬರು ಹೋಗಬಾರದು.

ಆಮೇಲಿನ ಕಥೆಯೂ ಬಾಡಿಗೆಯದ್ದೇ. 2006ರಲ್ಲಿ ಗೂಗಲ್‌ನ ಪಾಲ್ ಮೆನಾಜ್ ಮತ್ತು ರೋಹಿತ್ ಸೇಠ್ ಲಿನಕ್ಸ್‌ಗೆ ಸಿಗ್ರೂಪ್ ಕೆಲಸ ಆರಂಭಿಸಿದರು. ಯಾವ ಗುಂಪಿಗೆ ಎಷ್ಟು ಸಿಪಿಯು, ಎಷ್ಟು ಮೆಮೊರಿ ಎಂದು ಅಳೆದು ಕೊಡುವ ಏರ್ಪಾಡು ಅದು. ಅಳತೆಯ ಆ ಕೆಲಸದಲ್ಲಿ ಬೆಂಗಳೂರಿನ ಪಾಲು ದೊಡ್ಡದು, ಅದನ್ನು ನೆನೆಯುವವರು ಕಡಿಮೆ. ಐಬಿಎಂನ ಲಿನಕ್ಸ್ ಟೆಕ್ನಾಲಜಿ ಸೆಂಟರ್‌ನಲ್ಲಿದ್ದ ಶ್ರೀವತ್ಸ ವಡ್ಡಗಿರಿ ಸಿಪಿಯು ಹಂಚಿಕೆಯನ್ನು, ಬಲಬೀರ್ ಸಿಂಗ್ ಮೆಮೊರಿ ಹಂಚಿಕೆಯನ್ನು ಕಟ್ಟಿದರು. 2008ರ ಲಿನಕ್ಸ್ ಕರ್ನಲ್‌ಗಳಲ್ಲಿ ಅವು ಹೊರಬಂದವು. 2013ರಲ್ಲಿ ಡಾಕರ್ ಎಂಬ ಸಾಧನ ಬಂದು, ಪ್ರೋಗ್ರಾಂಗಳನ್ನು ಹೀಗೆ ಬೇರೆಬೇರೆಯಾಗಿ ಓಡಿಸುವ ಕಂಟೇನರ್ ಮನೆಮಾತಾಯಿತು. ಇಂಥ ಬಾಡಿಗೆ ಸರ್ವರ್‌ಗಳಿಗೆಂದು ಸೌತ್‌ಹಾಲ್‌ನಿಂದ ಪಶ್ಚಿಮಕ್ಕೆ ಸ್ಲೌವರೆಗೆ ಸಾಲುಸಾಲು ಡೇಟಾ ಸೆಂಟರ್‌ಗಳೆದ್ದು, ಈಲಿಂಗ್ ಸೇರಿ ಮೂರು ಬರೋಗಳ ದೊಡ್ಡ ವಸತಿ ಯೋಜನೆಗಳಿಗೆ 2035ರವರೆಗೂ ಹೊಸ ವಿದ್ಯುತ್ ಸಂಪರ್ಕ ಸಿಗಲಿಕ್ಕಿಲ್ಲವೆಂಬ ಎಚ್ಚರಿಕೆ 2022ರಲ್ಲಿ ಲಂಡನ್ ಆಡಳಿತದಿಂದಲೇ ಬಂತು.

ಇಷ್ಟೆಲ್ಲ ಆದರೂ ಮನೆಯ ಲ್ಯಾಪ್‌ಟಾಪಿಗೆ ದಕ್ಕಿದ್ದೇನು? ದಾರಿ ತೆರೆದದ್ದು 2013ರ ಲಿನಕ್ಸ್ 3.8. ಯೂಸರ್ ನೇಮ್‌ಸ್ಪೇಸ್ ಅದರಲ್ಲಿ ಪೂರ್ಣವಾಗಿ, ರೂಟ್ ಅಧಿಕಾರವಿಲ್ಲದ ಸಾಮಾನ್ಯ ಬಳಕೆದಾರನೂ ಗೋಡೆ ಎಬ್ಬಿಸುವಂತಾಯಿತು. ಲಿನಕ್ಸ್ ಆ್ಯಪ್‌ಗಳನ್ನು ಹಂಚುವ ಫ್ಲ್ಯಾಟ್‌ಪ್ಯಾಕ್ ಬಳಸುವ ಬಬಲ್‌ರ‍್ಯಾಪ್ ನಿಂತಿರುವುದು ಇದರ ಮೇಲೆ. ಅದು ಮೊದಲು ಪೂರ್ತಿ ಖಾಲಿ ಜಾಗವೊಂದನ್ನು ಮಾಡುತ್ತದೆ. ಸಿಸ್ಟಂ ಫೋಲ್ಡರ್‌ಗಳನ್ನು ಓದಲಿಕ್ಕಷ್ಟೇ, ಕೆಲಸದ ಒಂದು ಫೋಲ್ಡರನ್ನು ಬರೆಯಲಿಕ್ಕೂ ನಾವು ಒಳಗೆ ಬಿಡುತ್ತೇವೆ. ಒಳಗಿನ ಪ್ರೋಗ್ರಾಂ ಎಸ್‌ಎಸ್‌ಎಚ್ ಕೀ ಹುಡುಕಿದರೆ 'ಅನುಮತಿ ಇಲ್ಲ' ಎಂಬ ಉತ್ತರ ಬರುವುದಿಲ್ಲ, 'ಅಂಥ ಫೈಲೇ ಇಲ್ಲ' ಎಂದು ಬರುತ್ತದೆ. ವರ್ಚುವಲ್ ಮಷೀನಿನ ಭಾರವಿಲ್ಲ, ಕಣ್ಣು ಮಿಟುಕಿಸುವಷ್ಟರಲ್ಲಿ ಸಿದ್ಧ.

ಆದರೆ ಸಿಸ್ಟಂನ ತಿರುಳಾದ ಕರ್ನಲ್ ಎಲ್ಲರಿಗೂ ಒಂದೇ. ಅದರಲ್ಲಿ ಬಿರುಕಿದ್ದರೆ ಗೋಡೆಯೂ ಹೋಯಿತು. ನೆಟ್‌ವರ್ಕನ್ನು ಬೇರೆಯಾಗಿ ಕಡಿಯದಿದ್ದರೆ ಒಳಗಿದ್ದದ್ದು ಹೊರಗೆ ಹೋಗಲು ದಾರಿ ಇದ್ದೇ ಇದೆ. ನನಗೆ ಹೆಚ್ಚು ಕಿರಿಕಿರಿ ಮಾಡುವುದು ಇನ್ನೊಂದು. ನಾವು ಆರಿಸಿದ ಒಂದೇ ಫೈಲನ್ನು ಆ್ಯಪ್‌ಗೆ ಕೊಡುವ 'ಪೋರ್ಟಲ್' ಎಂಬ ಚೊಕ್ಕ ವ್ಯವಸ್ಥೆ ಫ್ಲ್ಯಾಟ್‌ಪ್ಯಾಕ್‌ನಲ್ಲಿದೆ. ಆದರೂ ಇಡೀ ಹೋಮ್ ಫೋಲ್ಡರನ್ನೇ ಕೇಳುವ ಆ್ಯಪ್‌ಗಳಿಗೆ ಬರವಿಲ್ಲ, ಇನ್‌ಸ್ಟಾಲ್ ಮಾಡುವಾಗ ಆ ಸಾಲನ್ನು ಓದುವವರಿಗೆ ಮಾತ್ರ ಬರ.